ಒಪೆರಾ ಭೂತದ ಕತೆಯಲ್ಲಿ ನಿಜವಾಗಿ ಭಯ ಹುಟ್ಟಿಸುವುದು ಯಾವುದು: ಮುಖವೋ, ಪಾಠವೋ?

ನೇಪಥ್ಯ

ಗಾಸ್ತೋ ಲೆರೂ ಬರೆದ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಕಾದಂಬರಿಯ ಮಾತು ಬಂದಾಗಲೆಲ್ಲ ಚರ್ಚೆ ಮುಖವಾಡದ ಹಿಂದಿನ ಕುರೂಪದ ಸುತ್ತ ಇಲ್ಲವೇ ಪ್ರೇಕ್ಷಕರ ಮೇಲೆ ಬೀಳುವ ತೂಗುದೀಪದ ಸುತ್ತ ಸುತ್ತಿ ಅಲ್ಲಿಗೇ ನಿಂತುಬಿಡುತ್ತದೆ. 1909ರ ಸೆಪ್ಟೆಂಬರಿನಿಂದ 1910ರ ಜನವರಿಯವರೆಗೆ ಪ್ಯಾರಿಸ್ಸಿನ ‘ಲ ಗೋಲ್ವಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕತೆಯನ್ನು ಈಚೆಗೆ ಮತ್ತೊಮ್ಮೆ ಓದಿದಾಗ, ನನ್ನನ್ನು ಹೆದರಿಸಿದ್ದು ಅದರಲ್ಲಿನ ಸಂಗೀತ ಪಾಠ.

ಕತೆ ಮರೆತವರಿಗಾಗಿ ಎರಡು ಮಾತು. ಸ್ವೀಡನ್ನಿನ ಪಿಟೀಲು ವಾದಕನೊಬ್ಬ, ತಾನು ಸ್ವರ್ಗಕ್ಕೆ ಹೋದ ಮೇಲೆ ಸಂಗೀತದ ದೇವದೂತನನ್ನು ಕಳುಹಿಸಿಕೊಡುತ್ತೇನೆಂದು ಮಗಳು ಕ್ರಿಸ್ತೀನ್ ದಾಯೆಗೆ ಮಾತು ಕೊಟ್ಟು ತೀರಿಕೊಳ್ಳುತ್ತಾನೆ. ತಂದೆ ಹೋದ ಮೇಲೆ ಅವಳ ಹಾಡಿನಲ್ಲಿ ಜೀವ ಉಳಿಯುವುದಿಲ್ಲ. ಪ್ಯಾರಿಸ್ ಒಪೆರಾ ಎಂಬ ಗೀತನಾಟಕ ಮಂದಿರದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ಅವಳ ಅಲಂಕಾರದ ಕೋಣೆಯಲ್ಲಿ ಒಂದು ದಿನ ದೇಹವಿಲ್ಲದ ದನಿಯೊಂದು ಕೇಳಿಸುತ್ತದೆ. ನೀನೇ ಆ ದೇವದೂತನೇ ಎಂದು ಅವಳು ಕೇಳುತ್ತಾಳೆ, ಹೌದು ಎಂದು ದನಿ ಹೇಳುತ್ತದೆ. ಮೂರು ತಿಂಗಳ ಪಾಠದ ನಂತರ ಒಂದು ವಿಶೇಷ ಸಂಜೆ ಅವಳು ಯಾರೂ ನಿರೀಕ್ಷಿಸದ ಮಟ್ಟದಲ್ಲಿ ಹಾಡಿ, ಹಾಡು ಮುಗಿಯುತ್ತಿದ್ದಂತೆ ಎಚ್ಚರ ತಪ್ಪುತ್ತಾಳೆ.

ನಾನು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಇಷ್ಟೆ. ಆ ದನಿಯ ಒಡೆಯ ಎರಿಕ್, ಅಂದರೆ ಮುಖವಾಡ ತೊಟ್ಟ ಒಪೆರಾ ಭೂತ, ದೇವದೂತನೆಂಬುದು ಸುಳ್ಳು, ಆದರೆ ಅವನು ಗುರುವೆಂಬುದು ಸುಳ್ಳಲ್ಲ. ಅವನು ಕಲಿಸಿದ್ದು ಅಪ್ಪಟ ಸಂಗೀತ, ಅದರಿಂದ ಅವಳು ಬೆಳೆದದ್ದೂ ನಿಜ. ಮನಸ್ಸನ್ನು ಭೂಮಿಯ ಮೇಲಿನ ಯಾರಿಗಾದರೂ ಕೊಟ್ಟರೆ ತಾನು ಸ್ವರ್ಗಕ್ಕೆ ಮರಳುತ್ತೇನೆಂದು ಹೇಳಿ ಅವಳನ್ನು ಕಟ್ಟಿಹಾಕಿದ ಬಾಯಿಯೇ ಸ್ವರ ತಿದ್ದಿದ ಬಾಯಿಯೂ ಆಗಿದೆ. ಮೋಸಗಾರ ಗುರುವಿನ ಕತೆಯಾಗಿದ್ದರೆ ಅವನನ್ನು ಬಯಲಿಗೆಳೆದು ಓಡಿಸಿಬಿಟ್ಟರೆ ಮುಗಿಯುತ್ತಿತ್ತು. ಇಲ್ಲಿ ಓಡಿಸಬೇಕಾದವನ ಕೈಗುರುತು ಅವಳ ಗಂಟಲಿನ ಒಳಗೇ ಇದೆ. ಇದನ್ನು ನೀವು ಹೇಗೆ ಓದಿದ್ದೀರಿ?

ಮುಸ್ಸಂಜೆ

ನೇಪಥ್ಯ ಅವರ ಓದು ಚುರುಕಾಗಿದೆ, ಆದರೆ ಸ್ವಲ್ಪ ಕಠಿಣವಾಯಿತೆಂದು ನನ್ನ ಅಭಿಪ್ರಾಯ. ಎರಿಕ್‌ನ ಹೆತ್ತ ತಾಯಿಯೇ ಅವನಿಗೆ ಒಂದು ಮುತ್ತನ್ನೂ ಕೊಡಲಿಲ್ಲ, ಮುಖ ಮುಚ್ಚಿಕೊಳ್ಳಲೆಂದು ಮುಖವಾಡವನ್ನು ಅವನ ಕಡೆಗೆಸೆದಳು ಎಂದು ಕಾದಂಬರಿಯೇ ಹೇಳುತ್ತದೆ. ಜಾತ್ರೆಗಳಲ್ಲಿ ಪ್ರದರ್ಶನದ ವಸ್ತುವಾಗಿ ಬೆಳೆದವನು, ಜಗತ್ತಿಗೆ ಕೊಡಲು ತನ್ನಲ್ಲಿ ಇದ್ದ ಒಂದೇ ಒಳ್ಳೆಯ ವಸ್ತುವಾದ ಸಂಗೀತವನ್ನು ಒಬ್ಬಳಿಗೆ ಕೊಟ್ಟ. ಕೊನೆಯಲ್ಲಿ ಅವಳು ಹಣೆಗೆ ಮುತ್ತಿಡಲು ಬಿಟ್ಟು ಅವನ ಜೊತೆ ಅತ್ತದ್ದಷ್ಟಕ್ಕೇ ಅವನು ಸೋತು ಅವಳನ್ನು ಅವಳ ಪ್ರಿಯತಮ ರಾಊಲ್‌ನ ಜೊತೆ ಕಳುಹಿಸಿಕೊಡುತ್ತಾನೆ.

1986ರಲ್ಲಿ ಲಂಡನ್ನಿನಲ್ಲಿ ತೆರೆಕಂಡ ಸಂಗೀತ ನಾಟಕ ಇದೇ ನೋವನ್ನು ಹಿಡಿದುಕೊಂಡಿತು. ನ್ಯೂಯಾರ್ಕಿನಲ್ಲಿ ಅದು 1988ರ ಜನವರಿಯಿಂದ 2023ರ ಏಪ್ರಿಲ್‌ವರೆಗೆ 13,981 ಪ್ರದರ್ಶನ ಕಂಡಿತು. ಅಷ್ಟು ಜನ ಬರೀ ಬೆಚ್ಚಿಬೀಳಲು ಬಂದರೆಂದು ನಾನು ನಂಬಲಾರೆ. ಅವರು ಅವನಿಗಾಗಿ ಮರುಗಲು ಬಂದರು.

ಒಂಟಿ ದೀಪ

ಮುಸ್ಸಂಜೆಯವರೇ, ಮರುಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ರಂಗದ ಯಂತ್ರ ನೋಡಿಕೊಳ್ಳುತ್ತಿದ್ದ ಜೋಸೆಫ್ ಬುಕೆ ಮೂರನೇ ನೆಲಮಾಳಿಗೆಯಲ್ಲಿ ನೇಣಿನಲ್ಲಿ ಸಿಕ್ಕ. ತೂಗುದೀಪದಡಿ ಒಬ್ಬ ಬಡ ಹೆಂಗಸು ಸತ್ತಳು. ರಾಊಲ್‌ನ ಅಣ್ಣನ ಶವ ಒಪೆರಾದ ನೆಲದಡಿಯ ಸರೋವರದ ದಡದಲ್ಲಿ ದೊರೆಯಿತು. ಕೊನೆಯ ಔದಾರ್ಯಕ್ಕೆ ಸ್ವಲ್ಪ ಮೊದಲು ಅವನು ಕ್ರಿಸ್ತೀನಳ ಮುಂದೆ ಇಟ್ಟದ್ದು ಕಂಚಿನ ಚೇಳು ಮತ್ತು ಮಿಡತೆ: ಚೇಳನ್ನು ತಿರುಗಿಸಿದರೆ ಮದುವೆಗೆ ಒಪ್ಪಿಗೆ, ಮಿಡತೆಯನ್ನು ತಿರುಗಿಸಿದರೆ ನೆಲಮಾಳಿಗೆಯ ಮದ್ದಿನ ಪೀಪಾಯಿಗಳು ಸಿಡಿದು ಮೇಲೆ ಕುಳಿತ ಪ್ರೇಕ್ಷಕರೆಲ್ಲ ಹೋಳಾಗುತ್ತಾರೆ. ಬಿಟ್ಟುಕೊಟ್ಟದ್ದನ್ನು ಹೊಗಳುವಾಗ ಹಿಡಿದಿಟ್ಟವನು ಯಾರೆಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಶ್ರುತಿಪೆಟ್ಟಿಗೆ

ನೇಪಥ್ಯ ಅವರು ಎತ್ತಿದ ವಿಷಯಕ್ಕೆ ಹಾಡುಗಾರಿಕೆಯ ಕಡೆಯಿಂದ ಒಂದಿಷ್ಟು ಸೇರಿಸಬೇಕೆಂದಿದ್ದೇನೆ, ಏಕೆಂದರೆ ಗಾಯಕಿಯೊಬ್ಬಳು ಗುರುವಿನ ಮುಷ್ಟಿಗೆ ಸಿಕ್ಕಿಬೀಳುವುದಕ್ಕೆ ಅವಳ ಮುಗ್ಧತೆಯೊಂದೇ ಕಾರಣವೆಂದು ಓದುಗರು ತಿಳಿದುಕೊಳ್ಳುವುದುಂಟು. ಇದರಲ್ಲಿ ದೇಹದ ಪಾತ್ರವೂ ಇದೆ.

ಪಿಟೀಲು ನುಡಿಸುವವನ ವಾದ್ಯ ಅವನ ದೇಹದ ಹೊರಗಿರುತ್ತದೆ, ಹಾಡುವವಳ ವಾದ್ಯ ಒಳಗಿರುತ್ತದೆ. ನಮ್ಮ ದನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳಿಸುವುದರಿಂದ, ಮಂದ್ರದ ಕಂಪನಗಳು ಸೇರಿಕೊಂಡು, ಇತರರಿಗೆ ಕೇಳಿಸುವುದಕ್ಕಿಂತ ತುಂಬಿದ ದನಿಯಾಗಿ ಅದು ನಮ್ಮ ಕಿವಿಗೆ ಬರುತ್ತದೆ. ಧ್ವನಿಮುದ್ರಣದಲ್ಲಿ ತಮ್ಮ ಮಾತನ್ನು ಮೊದಲ ಬಾರಿ ಕೇಳಿದವರು ಇದು ನನ್ನದಲ್ಲ ಎಂದು ಮುಖ ಸಿಂಡರಿಸುವುದು ಇದಕ್ಕೇ. ಹೀಗಾಗಿ ತನ್ನ ಹಾಡು ಸಭಾಂಗಣದ ಕೊನೆಯ ಸಾಲಿಗೆ ಹೇಗೆ ತಲುಪುತ್ತಿದೆ ಎಂಬುದನ್ನು ಗಾಯಕಿ ತನ್ನ ಕಿವಿಯಿಂದ ಅಳೆಯಲಾರಳು. ಬೇರೆಯವರ ಕಿವಿ ಅವಳಿಗೆ ಬೇಕೇ ಬೇಕು, ಮತ್ತು ಧ್ವನಿಮುದ್ರಣವಿಲ್ಲದ ಕಾಲದಲ್ಲಿ ಆ ಕಿವಿ ಗುರುವಿನದಾಗಿರುತ್ತಿತ್ತು. ‘ಈಗ ಸರಿಯಾಯಿತು’ ಎಂದು ಅವನು ಹೇಳಿದಾಗ, ಆ ಕ್ಷಣದಲ್ಲಿ ಗಂಟಲಿಗೆ, ಪಕ್ಕೆಲುಬಿಗೆ, ಅಂಗುಳಿಗೆ ಏನನ್ನಿಸಿತೋ ಅದನ್ನು ಅವಳು ನೆನಪಿಟ್ಟುಕೊಳ್ಳುತ್ತಾಳೆ. ಹೀಗೆ ಕಟ್ಟಿಕೊಂಡ ಶಾರೀರದಲ್ಲಿ ಯಾವುದು ಸರಿ ಎಂಬ ಅರಿವೇ ಇನ್ನೊಬ್ಬನ ತೀರ್ಪಿನ ಮೇಲೆ ನಿಂತಿರುತ್ತದೆ. ಎರಿಕ್ ಕ್ರಿಸ್ತೀನಳಿಗೆ ತನ್ನ ಮುಖ ತೋರಿಸದೆ, ಗೋಡೆಯ ಹಿಂದಿನ ಬರಿಯ ದನಿಯಾಗಿ ಕಲಿಸಿದ್ದು ಈ ಅವಲಂಬನೆಯನ್ನು ಪೂರ್ಣಗೊಳಿಸುತ್ತದೆ. ಗುರುವಿನ ಕಣ್ಣು, ಹುಬ್ಬು, ಕೈಯ ಸನ್ನೆ ಕಾಣುತ್ತಿದ್ದರೆ ಅವನೂ ದಣಿಯುವ, ತಪ್ಪುವ ಮನುಷ್ಯನೆಂದು ಅವಳಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ಅಂಶವನ್ನು ಯಾರೂ ಹೇಳಲಿಲ್ಲ. ಅದೇ ಎರಿಕ್ ಧ್ವನಿವಂಚನೆಯಲ್ಲಿ ನಿಪುಣ, ತನ್ನ ದನಿಯನ್ನು ಬೇಕಾದ ಕಡೆಯಿಂದ ಬಂದಂತೆ ಕೇಳಿಸಬಲ್ಲ. ಪ್ರಧಾನ ಗಾಯಕಿ ಕಾರ್ಲೊಟ್ಟಾ ತುಂಬಿದ ಸಭೆಯಲ್ಲಿ ಗೂನೋ ಅವರ ‘ಫೌಸ್ಟ್’ ಒಪೆರಾದ ಮಾರ್ಗರೀಟಳಾಗಿ ಹಾಡುತ್ತಿರುವಾಗ ಅವಳ ಬಾಯಿಂದ ಕಪ್ಪೆಯ ಕರ್ಕಶ ಕೂಗು ಹೊರಡುತ್ತದೆ. ಚಲನಚಿತ್ರಗಳಲ್ಲಿ ಇದನ್ನು ತಮಾಷೆಯಾಗಿ ತೋರಿಸುವುದುಂಟು. ವೃತ್ತಿಯಲ್ಲಿರುವ ಯಾವ ಗಾಯಕಿಗೂ ಇದು ತಮಾಷೆಯಲ್ಲ. ಒಬ್ಬಳ ಗಂಟಲಿಗೆ ದೇವದೂತನನ್ನೂ ಇನ್ನೊಬ್ಬಳ ಗಂಟಲಿಗೆ ಕಪ್ಪೆಯನ್ನೂ ತುಂಬಬಲ್ಲವನು, ಇಬ್ಬರ ದನಿಯೂ ತನ್ನ ಸೊತ್ತು ಎಂದು ಒಂದೇ ಸಂಜೆಯಲ್ಲಿ ಸಾರಿದಂತಾಯಿತು.

ಕಲ್ಲುಗಾರೆ

ಸಂಗೀತ ನನ್ನ ಕ್ಷೇತ್ರವಲ್ಲ, ಕಟ್ಟಡ ನನ್ನ ಕ್ಷೇತ್ರ. ಈ ಕತೆಯ ಅಡಿಪಾಯ ಎಷ್ಟು ಗಟ್ಟಿಯಾದ ನಿಜದ ಮೇಲೆ ನಿಂತಿದೆಯೆಂಬುದನ್ನು ಹೇಳಲು ಬರೆಯುತ್ತಿದ್ದೇನೆ.

1858ರ ಜನವರಿ 14ರಂದು ಪ್ಯಾರಿಸ್ಸಿನ ಹಳೆಯ ಒಪೆರಾ ಮಂದಿರದ ಮುಂದೆ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಗಾಡಿಯ ಮೇಲೆ ಇಟಲಿಯ ಕ್ರಾಂತಿಕಾರಿ ಒರ್ಸಿನಿ ಮತ್ತು ಅವನ ಸಂಗಡಿಗರು ಬಾಂಬ್ ಎಸೆದರು. ಚಕ್ರವರ್ತಿ ಬದುಕಿದ, ಇಕ್ಕಟ್ಟಾದ ಬೀದಿಯಲ್ಲಿದ್ದ ಆ ಮಂದಿರದ ಬದಲಿಗೆ ಹೊಸದನ್ನು ಕಟ್ಟುವ ನಿರ್ಧಾರ ಗಟ್ಟಿಯಾಯಿತು. ಸ್ಪರ್ಧೆಯಲ್ಲಿ ಗೆದ್ದ ಯುವ ವಾಸ್ತುಶಿಲ್ಪಿ ಶಾರ್ಲ್ ಗಾರ್ನಿಯೇ 1861ರಲ್ಲಿ ಕೆಲಸ ಆರಂಭಿಸಿದಾಗ ನೆಲದಡಿ ಅಂತರ್ಜಲ ಉಕ್ಕಿಬಂತು. ಉಗಿಯಂತ್ರದ ಪಂಪುಗಳು ತಿಂಗಳುಗಟ್ಟಲೆ ನೀರೆತ್ತಿದರೂ ನೆಲ ಒಣಗಲಿಲ್ಲ. ಕೊನೆಗೆ ಗಾರ್ನಿಯೇ ಜೋಡಿ ಅಡಿಪಾಯ ಹಾಕಿ ಕಮಾನುಗಳ ಕೆಳಗೆ ದೊಡ್ಡ ನೀರಿನ ತೊಟ್ಟಿಯನ್ನೇ ಕಟ್ಟಿಸಿದರು. ತೊಟ್ಟಿಯೊಳಗಿನ ನೀರಿನ ಭಾರ ಹೊರಗಿನ ಅಂತರ್ಜಲದ ಒತ್ತಡವನ್ನು ಸರಿತೂಗಿಸುತ್ತದೆ. ಆ ತೊಟ್ಟಿ ಇಂದಿಗೂ ಇದೆ, ಪ್ಯಾರಿಸ್ಸಿನ ಅಗ್ನಿಶಾಮಕ ದಳದವರು ಕತ್ತಲಲ್ಲಿ ಈಜುವ ತರಬೇತಿಯನ್ನು ಅಲ್ಲಿ ಪಡೆಯುತ್ತಾರೆ. ಲೆರೂ ಅದನ್ನೇ ಹಿಗ್ಗಿಸಿ ಸರೋವರ ಮಾಡಿದರು, ದೋಣಿ ತೇಲಿಸಿದರು, ದಡದಲ್ಲಿ ಎರಿಕ್‌ಗೆ ಮನೆ ಕಟ್ಟಿಕೊಟ್ಟರು.

ಹಳೆಯ ಮಂದಿರ 1873ರಲ್ಲಿ ಸುಟ್ಟುಹೋಯಿತು, ಹೊಸದು 1875ರ ಜನವರಿ 5ರಂದು ಬಾಗಿಲು ತೆರೆಯಿತು. ತೂಗುದೀಪದ ವಿಷಯಕ್ಕೆ ಬಂದರೆ, ಸುಮಾರು ಏಳು ಟನ್ ತೂಗುವ ಆ ದೀಪ ಬಿದ್ದದ್ದಿಲ್ಲ. ಬಿದ್ದದ್ದು ಅದರ ಸಮತೋಲನಕ್ಕೆ ಕಟ್ಟಿದ್ದ ತೂಕದ ಗುಂಡು: 1896ರ ಮೇ 20ರಂದು, ಪ್ರದರ್ಶನ ನಡೆಯುತ್ತಿರುವಾಗಲೇ, ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಪತ್ರಕರ್ತರಾಗಿದ್ದ ಲೆರೂ ಆ ಸುದ್ದಿಯನ್ನು ಕತೆಗೆ ಎತ್ತಿಕೊಂಡು, ಅಪಘಾತದ ಹಿಂದೆ ಒಂದು ಕೈಯನ್ನು ಇಟ್ಟರು.

ನನ್ನ ದೃಷ್ಟಿಯಲ್ಲಿ ಈ ಕತೆಯ ಭಯವನ್ನು ಹೊತ್ತು ನಿಂತಿರುವುದು ಕಟ್ಟಡ. ಮೇಲೆ ಅಮೃತಶಿಲೆಯ ಮೆಟ್ಟಿಲು, ಚಿನ್ನದ ಲೇಪ, ವಜ್ರ ತೊಟ್ಟ ಪ್ರೇಕ್ಷಕರು. ಅದೇ ಗೋಡೆಗಳನ್ನು ಹಿಡಿದು ಕೆಳಗಿಳಿದರೆ ಯಂತ್ರ, ಹಗ್ಗ, ಹಳೆಯ ಪರದೆ, ಕುದುರೆಲಾಯ, ಅದರ ಕೆಳಗೆ ನೀರು. ಕಟ್ಟುವಾಗ ಅಲ್ಲಿ ಗುತ್ತಿಗೆ ಕೆಲಸ ಮಾಡಿದವನೆಂದು ಕಾದಂಬರಿ ಎರಿಕ್‌ನನ್ನು ಪರಿಚಯಿಸುತ್ತದೆ. ತಾನು ಕಟ್ಟಿದ್ದರ ಗುಟ್ಟಿನ ದಾರಿಗಳೆಲ್ಲ ಅವನಿಗೆ ಗೊತ್ತು, ಕ್ರಿಸ್ತೀನಳ ಕೋಣೆಯ ತಿರುಗುವ ಕನ್ನಡಿಯೂ ಅವನ ಕೈಕೆಲಸವೇ.

ಹಳೇ ಪುಟ

ಗಾಯಕಿ ಮತ್ತು ಅವಳನ್ನು ಬಿಡದ ಗುರುವಿನ ಜೋಡಿ ಲೆರೂ ಹುಟ್ಟುಹಾಕಿದ್ದಲ್ಲ. ಅವರಿಗಿಂತ ಮುಂಚಿನ ಎರಡು ಕೃತಿಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ನೇಪಥ್ಯ ಅವರ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಜಾರ್ಜ್ ದು ಮೊರಿಯೇ ಅವರ ‘ಟ್ರಿಲ್ಬಿ’ 1894ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ಕತೆಯೂ ಪ್ಯಾರಿಸ್ಸಿನಲ್ಲಿಯೇ ಆರಂಭವಾಗುತ್ತದೆ. ಟ್ರಿಲ್ಬಿ ಎಂಬ ಚೆಲುವೆಗೆ ಶ್ರುತಿಜ್ಞಾನವೇ ಇಲ್ಲ. ಸ್ವೆಂಗಾಲಿ ಎಂಬ ಸಂಗೀತಗಾರ ಅವಳನ್ನು ಸಂಮೋಹನಕ್ಕೆ ಒಳಪಡಿಸಿ ಯೂರೋಪೇ ಬೆರಗಾಗುವ ಗಾಯಕಿಯನ್ನಾಗಿ ಮಾಡುತ್ತಾನೆ, ಆದರೆ ಎಚ್ಚರವಾದಾಗ ಅವಳಿಗೆ ತಾನು ಹಾಡಿದ್ದೇ ಗೊತ್ತಿರುವುದಿಲ್ಲ. ಒಂದು ರಾತ್ರಿ ಸ್ವೆಂಗಾಲಿ ರಂಗಮಂದಿರದಲ್ಲೇ ಸಾಯುತ್ತಾನೆ, ಅದರೊಂದಿಗೆ ಅವಳ ಹಾಡೂ ಅಪಸ್ವರಕ್ಕೆ ಬೀಳುತ್ತದೆ. ಆ ದನಿ ಅವಳದಾಗಿರಲೇ ಇಲ್ಲ. (ಸ್ವೆಂಗಾಲಿಯನ್ನು ಯಹೂದಿಗಳ ಮೇಲಿನ ದ್ವೇಷ ತುಂಬಿದ ಚಿತ್ರಣವಾಗಿ ಬರೆದಿರುವುದು ಇಂದಿನ ಓದುಗರಿಗೆ ಅಸಹನೀಯ. ಎರಿಕ್‌ನನ್ನು ಲೆರೂ ಯಾವ ಜನಾಂಗಕ್ಕೂ ಅಂಟಿಸಲಿಲ್ಲವೆಂಬುದು ಸಮಾಧಾನ.)

ಎರಡನೆಯದು ಇದಕ್ಕಿಂತ ಹಳೆಯದು, ನನ್ನ ಮಟ್ಟಿಗೆ ಹೆಚ್ಚು ಭಯಂಕರವಾದುದು. ಜರ್ಮನ್ ಲೇಖಕ ಇ. ಟಿ. ಎ. ಹಾಫ್‌ಮನ್ ಅವರ ಕತೆಯೊಂದರಲ್ಲಿ ಅಂತೋನಿಯಾ ಎಂಬ ಹುಡುಗಿಗೆ ಅಪೂರ್ವ ಶಾರೀರವಿದೆ, ಆದರೆ ಹಾಡಿದರೆ ಅವಳು ಸಾಯುವಂಥ ರೋಗವೂ ಇದೆ. ಇದನ್ನು ಆಧರಿಸಿ ಒಫೆನ್‌ಬಾಕ್ ರಚಿಸಿದ ಒಪೆರಾ, ಅವರು ತೀರಿಹೋದ ಕೆಲವೇ ತಿಂಗಳಲ್ಲಿ, 1881ರ ಫೆಬ್ರವರಿ 10ರಂದು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಮಿರಾಕಲ್ ಎಂಬ ವೈದ್ಯ ಗೋಡೆಯ ಮೇಲಿನ ಚಿತ್ರದಿಂದ ಸತ್ತ ತಾಯಿಯ ದನಿಯನ್ನು ಹೊರಡಿಸಿ, ಹಾಡು ಮಗಳೇ ಎಂದು ಅಂತೋನಿಯಾಳನ್ನು ಪ್ರೇರೇಪಿಸುತ್ತಾನೆ. ಅವಳು ಹಾಡುತ್ತಾಳೆ, ಸಾಯುತ್ತಾಳೆ.

ಅಲ್ಲಿ ತಾಯಿ, ಇಲ್ಲಿ ತಂದೆ. ಇಬ್ಬರು ಹುಡುಗಿಯರೂ ಅಗಲಿದವರ ಹೆಸರಿನಲ್ಲಿ ಬಂದ ದನಿಗೆ ಓಗೊಡುತ್ತಾರೆ. ಎರಿಕ್ ಮೊದಲು ಕದ್ದದ್ದು ಕ್ರಿಸ್ತೀನಳ ದುಃಖವನ್ನು, ಆಮೇಲೆ ಅವಳ ಸಂಗೀತವನ್ನು. ಫ್ರಾನ್ಸಿನ ಬ್ರಿಟನಿ ಪ್ರಾಂತದ ಪೆರೊಸ್ ಊರಿನ ಸ್ಮಶಾನದಲ್ಲಿ, ತಂದೆಯ ಸಮಾಧಿಯ ಬಳಿ, ನಡುರಾತ್ರಿ ಪಿಟೀಲು ನುಡಿಸಿ ಅವನು ಆ ಕಳ್ಳತನಕ್ಕೆ ಮುದ್ರೆ ಒತ್ತುತ್ತಾನೆ. ಅಂತೋನಿಯಾಳಂತೆ ಕ್ರಿಸ್ತೀನ್ ಸಾಯುವುದಿಲ್ಲ, ಟ್ರಿಲ್ಬಿಯಂತೆ ಗುರು ಇಲ್ಲದೆ ಬರಿದಾಗುವುದೂ ಇಲ್ಲ. ಅವಳಿಗೆ ದನಿ ಉಳಿಯುತ್ತದೆ, ಅದರ ಜೊತೆ ಬದುಕಬೇಕಾಗುತ್ತದೆ. ಮೂವರಲ್ಲಿ ಅವಳ ಪಾಡೇ ಕಷ್ಟದ್ದೆಂದು ನನಗೆ ತೋರುತ್ತದೆ.

ಒಂಟಿ ದೀಪ

ಇವೆಲ್ಲ ಗಂಡಸರು ಬರೆದ ಕಲ್ಪನೆಗಳು. ನಿಜವಾದ ಗಾಯಕಿಯರ ಬದುಕಿನಲ್ಲಿ ಇಂಥದ್ದು ಇತ್ತೇ?

ಹಳೇ ಪುಟ

ಇತ್ತು, ಅದೂ ಮನೆಯೊಳಗೇ. ಹತ್ತೊಂಬತ್ತನೆಯ ಶತಮಾನದ ಅತಿ ಪ್ರಸಿದ್ಧ ಗಾಯಕಿಯರಲ್ಲಿ ಒಬ್ಬಳಾದ ಮಾರಿಯಾ ಮಾಲಿಬ್ರಾನ್ ಹುಟ್ಟಿದ್ದು 1808ರಲ್ಲಿ, ಪ್ಯಾರಿಸ್ಸಿನಲ್ಲಿ. ಅವಳ ತಂದೆ ಮಾನ್ವೆಲ್ ಗಾರ್ಸಿಯಾ ಸ್ಪೇನಿನ ಹೆಸರಾಂತ ಗಾಯಕ, ಅವಳ ಗುರುವೂ ಅವನೇ, ಮತ್ತು ಅವನ ಪಾಠದ ಕ್ರೌರ್ಯ ಆ ಕಾಲದಲ್ಲಿಯೇ ಜನರ ಬಾಯಲ್ಲಿತ್ತು. ರೊಸ್ಸೀನಿಯ ‘ಒಥೆಲ್ಲೋ’ದಲ್ಲಿ ತಂದೆ ಒಥೆಲ್ಲೋ, ಮಗಳು ಡೆಸ್ಡಿಮೋನಾ. ಕೊನೆಯ ದೃಶ್ಯದಲ್ಲಿ ಚೆನ್ನಾಗಿ ಹಾಡದಿದ್ದರೆ ನಿಜವಾಗಿಯೂ ಇರಿಯುತ್ತೇನೆಂದು ಅವನು ಹೆದರಿಸಿದ್ದನಂತೆ ಎಂಬ ದಂತಕತೆ ಹಬ್ಬಿತ್ತು. ದಂತಕತೆಯನ್ನು ದಂತಕತೆಯಾಗಿಯೇ ಇಟ್ಟುಕೊಳ್ಳೋಣ, ಆದರೆ ಅವನನ್ನು ಬಲ್ಲವರಿಗೆ ಅದು ನಂಬುವಂತೆ ಕೇಳಿಸಿತ್ತೆಂಬುದನ್ನೂ ಗಮನಿಸೋಣ. ಹದಿಹರೆಯದಲ್ಲೇ ಅವಳು ನ್ಯೂಯಾರ್ಕಿನಲ್ಲಿ ತನಗಿಂತ ಬಹಳ ಹಿರಿಯನಾದ ವ್ಯಾಪಾರಿಯೊಬ್ಬನನ್ನು ಮದುವೆಯಾದದ್ದು ತಂದೆಯಿಂದ ಬಿಡಿಸಿಕೊಳ್ಳಲೆಂದೇ ಎನ್ನುವವರಿದ್ದಾರೆ. 1836ರಲ್ಲಿ, ಕುದುರೆಯಿಂದ ಬಿದ್ದ ಪೆಟ್ಟಿನ ನಂತರವೂ ಹಾಡುವುದನ್ನು ನಿಲ್ಲಿಸದೆ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡಳು.

ಆ ಮನೆಯಿಂದಲೇ ಇನ್ನೊಂದು ಬಗೆಯ ಗುರುವೂ ಬಂದ. ಅವಳ ಅಣ್ಣ, ತಂದೆಯದೇ ಹೆಸರಿನ ಮಾನ್ವೆಲ್ ಗಾರ್ಸಿಯಾ, ತಾನೇ ದೊಡ್ಡ ಸಂಗೀತ ಶಿಕ್ಷಕನಾದ. 1854ರಲ್ಲಿ ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಹಿಡಿದು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ಹಾಡುವಾಗ ತನ್ನದೇ ಧ್ವನಿತಂತುಗಳು ಅಲುಗುವುದನ್ನು ನೋಡಿದ.

ನೇಪಥ್ಯ

ಗಾರ್ಸಿಯಾರ ಉಲ್ಲೇಖಕ್ಕೆ ಧನ್ಯವಾದ, ಏಕೆಂದರೆ ಇದು ಕಾದಂಬರಿಯ ನಡುಮಧ್ಯಕ್ಕೇ ಬಂದು ತಾಕುತ್ತದೆ. ಸರೋವರದ ಮನೆಯಲ್ಲಿ ಎರಿಕ್ ಮತ್ತು ಕ್ರಿಸ್ತೀನ್ ಜೊತೆಯಾಗಿ ಹಾಡುವುದು ‘ಒಥೆಲ್ಲೋ’ದ ಯುಗಳಗೀತೆಯನ್ನೇ. ತಾನು ಅಲ್ಲಿಯವರೆಗೆ ಎಂದೂ ಹಾಡದ ತೀವ್ರತೆಯಲ್ಲಿ ಹಾಡಿದೆನೆಂದೂ, ಎದುರಿನವನ ಕಪ್ಪು ಮುಖವಾಡ ಒಥೆಲ್ಲೋನ ಮುಖವನ್ನೇ ನೆನಪಿಸಿತೆಂದೂ, ಆ ಆವೇಶದಲ್ಲಿಯೇ ಅದನ್ನು ಕಿತ್ತೆಳೆದೆನೆಂದೂ ಅವಳು ಆಮೇಲೆ ರಾಊಲ್‌ಗೆ ಹೇಳುತ್ತಾಳೆ. ಅಂದರೆ ಮುಖವಾಡ ಕಿತ್ತ ಧೈರ್ಯವೂ ಆ ಹಾಡಿನಿಂದಲೇ ಬಂತು. ಗುರುವನ್ನು ಬಯಲು ಮಾಡಲು ಬೇಕಾದ ಶಕ್ತಿಯನ್ನು ಅವಳಿಗೆ ಕೊಟ್ಟವನೂ ಅದೇ ಗುರು.

ಚಲನಚಿತ್ರಗಳು ಇದನ್ನು ಬಿಟ್ಟು ಬೇರೆ ಕಡೆ ಹೋದವು. ಲಾನ್ ಚೇನಿ ತಾನೇ ಬಣ್ಣ ಹಚ್ಚಿಕೊಂಡು ಅಭಿನಯಿಸಿದ 1925ರ ಮೂಕಿ ಚಿತ್ರದಲ್ಲಿ ಮುಖ ಬಯಲಾಗುವ ಕ್ಷಣವೇ ಸರ್ವಸ್ವ. ಮೊದಲು ಚಿತ್ರಿಸಿದ ಮರುಕದ ಅಂತ್ಯವನ್ನು ತೆಗೆದು, ಜನರ ಗುಂಪು ಅವನನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಅಂತ್ಯವನ್ನು ಅದಕ್ಕೆ ಹಾಕಿದರು. 1943ರ ಚಿತ್ರದಲ್ಲಿ ಅವನು ಹುಟ್ಟು ಕುರೂಪಿಯಲ್ಲ, ಆಮ್ಲದಿಂದ ಮುಖ ಸುಟ್ಟುಕೊಂಡ ಬಡ ಪಿಟೀಲು ವಾದಕ, ಕ್ರಿಸ್ತೀನಳ ಪಾಠದ ಶುಲ್ಕವನ್ನು ಗುಟ್ಟಾಗಿ ಕಟ್ಟುತ್ತಿರುವವನು. ಕಲಿಸುವ ಕೆಲಸವನ್ನು ಬೇರೊಬ್ಬ ಶಿಕ್ಷಕನಿಗೆ ಕೊಟ್ಟು ಇವನನ್ನು ಹಣ ಕೊಡುವವನನ್ನಾಗಿ ಮಾಡಿದೊಡನೆ ಕತೆ ತೆಳ್ಳಗಾಗುತ್ತದೆ. ದುಡ್ಡಿನ ಸಾಲವನ್ನು ತೀರಿಸಿಬಿಡಬಹುದಲ್ಲವೇ?

ಮುಸ್ಸಂಜೆ

ಎಲ್ಲವನ್ನೂ ಎರಿಕ್‌ನ ಲೆಕ್ಕಕ್ಕೆ ಬರೆಯುವ ಮೊದಲು ಸುತ್ತಲಿನವರನ್ನೂ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಅವಳನ್ನು ಸಾಕಿದ ವಲೇರಿಯುಸ್ ಅಮ್ಮ ದೇವದೂತನ ಕತೆಯನ್ನು ಅನುಮಾನಿಸಲೇ ಇಲ್ಲ, ಬದಲಿಗೆ ಹುಡುಗಿಗೆ ಉತ್ತೇಜನ ಕೊಟ್ಟರು. ಒಪೆರಾದ ಹೊಸ ವ್ಯವಸ್ಥಾಪಕರಿಗೆ, ಪ್ರೇಕ್ಷಕರ ಖಾಸಗಿ ಆಸನಗಳಲ್ಲಿ ಐದನೇ ಬಾಕ್ಸ್ ತನಗೇ ಬೇಕು, ತಿಂಗಳಿಗೆ 20,000 ಫ್ರಾಂಕ್ ಕೊಡಬೇಕು ಎಂಬ ಭೂತದ ಬೇಡಿಕೆಯದೇ ಚಿಂತೆ. ಗಾಯಕಿಯೊಬ್ಬಳು ತಿಂಗಳುಗಟ್ಟಲೆ ಖಾಲಿ ಕೋಣೆಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಾಳೆ ಎಂಬುದು ಅವರ ಗಮನಕ್ಕೂ ಬರಲಿಲ್ಲ. ಇನ್ನು ರಾಊಲ್! ಬಾಗಿಲಿಗೆ ಕಿವಿಗೊಟ್ಟು ಗಂಡು ದನಿ ಕೇಳಿಸಿಕೊಂಡು ಅವಳನ್ನು ಅನುಮಾನಿಸುತ್ತಾನೆ, ಬಯ್ಯುತ್ತಾನೆ, ಅಳುತ್ತಾನೆ. ಅವಳು ಹೇಗೆ ಹಾಡಿದಳೆಂಬುದರ ಬಗ್ಗೆ ಅವನು ಆಡುವ ಮಾತು ಎಷ್ಟು ಸಿಕ್ಕೀತು, ಹುಡುಕಿ ನೋಡಿ. ಇಡೀ ಕಟ್ಟಡದಲ್ಲಿ ಅವಳ ಸಂಗೀತವನ್ನು ಸಂಗೀತವೆಂದು ಕೇಳಿದವನು ಎರಿಕ್ ಒಬ್ಬನೇ. ಅವನ ಅಪರಾಧಗಳ ಪಟ್ಟಿಯನ್ನು ಒಂಟಿ ದೀಪ ಅವರು ಕೊಟ್ಟಿದ್ದಾರೆ, ನಾನು ಅದರಲ್ಲಿ ಒಂದನ್ನೂ ಅಳಿಸುತ್ತಿಲ್ಲ. ಆದರೆ ಅವನನ್ನು ಬಿಟ್ಟು ರಾಊಲ್‌ನ ಜೊತೆ ಹೋದ ಕ್ರಿಸ್ತೀನ್ ಪಡೆದದ್ದು ಏನು? ಒಬ್ಬ ಗಂಡ. ವೈಕೌಂಟ್ ಬಿರುದಿನ ಕುಲೀನ ಮನೆತನದ ಸೊಸೆ ರಂಗದ ಮೇಲೆ ಹಾಡುವುದನ್ನು ಆ ಕಾಲದ ಪ್ಯಾರಿಸ್ ಒಪ್ಪುತ್ತಿತ್ತೇ?

ಒಂಟಿ ದೀಪ

ಇದನ್ನು ಒಪ್ಪುತ್ತೇನೆ. ಚೆನ್ನಾಗಿ ಕೇಳಿಸಿಕೊಳ್ಳುವವನೇ ಹೆಚ್ಚು ಅಪಾಯಕಾರಿಯಾಗಬಲ್ಲನೆಂದು ಮಾತ್ರ ಸೇರಿಸುತ್ತೇನೆ.

ಕಲ್ಲುಗಾರೆ

ಧ್ವನಿಮುದ್ರಣದ ಬಗ್ಗೆ ಶ್ರುತಿಪೆಟ್ಟಿಗೆಯವರು ಹೇಳಿದ್ದು ಕಾದಂಬರಿಯ ಮುನ್ನುಡಿಗೆ ನೇರವಾಗಿ ಸಂಬಂಧಿಸುತ್ತದೆ. 1907ರ ಡಿಸೆಂಬರ್ 24ರಂದು ಅದೇ ಒಪೆರಾದ ನೆಲಮಾಳಿಗೆಯಲ್ಲಿ, ಕರುಸೋ ಮುಂತಾದ ಅಂದಿನ ದೊಡ್ಡ ಗಾಯಕರ ದನಿಯಿದ್ದ 24 ಗ್ರಾಮಫೋನ್ ತಟ್ಟೆಗಳನ್ನು ಎರಡು ಲೋಹದ ಕರಂಡಗಳಲ್ಲಿ ಮುಚ್ಚಿ, ನೂರು ವರ್ಷ ತೆರೆಯಬಾರದೆಂದು ಇಟ್ಟರು. ಲೆರೂ ಈ ಘಟನೆಯನ್ನು ಹಿಡಿದುಕೊಂಡು, ದನಿಗಳನ್ನು ಹೂಳಲು ಅಗೆದ ಕೆಲಸಗಾರರಿಗೆ ಅಸ್ಥಿಪಂಜರವೊಂದು ಸಿಕ್ಕಿತೆಂದು ಬರೆದರು. ಕಾದಂಬರಿಯ ಪ್ರಕಾರ ಅದು ಎರಿಕ್‌ನದು, ಗುರುತು ಸಿಕ್ಕಿದ್ದು ಬೆರಳಲ್ಲಿದ್ದ ಚಿನ್ನದ ಉಂಗುರದಿಂದ. ಕರಂಡಗಳು ನಿಜ, ಅವನ್ನು ನೂರು ವರ್ಷದ ಅವಧಿ ಮುಗಿದ ಮೇಲೆ ತೆರೆದದ್ದೂ ನಿಜ.

ಶ್ರುತಿಪೆಟ್ಟಿಗೆ

ಎಷ್ಟು ಸೊಗಸಾದ ಸಂಗತಿ ಇದು! ಗಾಯಕಿ ತನ್ನ ದನಿಯನ್ನು ಹೊರಗಿನವಳಂತೆ ಕೇಳಿಸಿಕೊಳ್ಳುವ ಸಾಧನ ಬಂದ ಕಾಲಕ್ಕೆ ಸರಿಯಾಗಿ, ಆ ಸಾಧನವನ್ನು ಇಡಲು ತೋಡಿದ ಜಾಗದಲ್ಲಿಯೇ, ಅದೃಶ್ಯ ಗುರುವಿನ ಮೂಳೆಗಳು ಸಿಗುತ್ತವೆ. ಲೆರೂ ಇದನ್ನು ಬೇಕೆಂದೇ ಮಾಡಿದರೋ, ಪತ್ರಕರ್ತನ ಮೂಗಿಗೆ ವಾಸನೆ ಬಡಿದು ಮಾಡಿದರೋ, ಏನಾದರೂ ಇರಲಿ. ಎರಿಕ್‌ನಂಥ ಗುರುವಿಗೆ ಇದ್ದ ಏಕಸ್ವಾಮ್ಯ ಆ ತಟ್ಟೆಗಳೊಂದಿಗೆ ಸಡಿಲವಾಗತೊಡಗಿತೆಂದು ನಾನು ಓದಿಕೊಳ್ಳುತ್ತೇನೆ. ಪೂರ್ತಿ ಹೋಯಿತೆಂದು ಹೇಳಲಾರೆ, ಧ್ವನಿಮುದ್ರಣವನ್ನು ಕೇಳಿದ ಮೇಲೂ ‘ಇದು ಸರಿಯೇ?’ ಎಂದು ಯಾರನ್ನಾದರೂ ಕೇಳಬೇಕೆನ್ನಿಸುತ್ತದೆ.

ಮುಸ್ಸಂಜೆಯವರ ಕೊನೆಯ ಪ್ರಶ್ನೆಗೆ ಬರುತ್ತೇನೆ. ಕ್ರಿಸ್ತೀನ್ ಮುಂದೆ ಹಾಡಿದಳೋ ಇಲ್ಲವೋ ಎಂಬುದನ್ನು ಕಾದಂಬರಿ ಖಚಿತವಾಗಿ ಹೇಳುವುದಿಲ್ಲ. ಅವಳು ರಾಊಲ್‌ನ ಜೊತೆ ಉತ್ತರದ ನಾಡಿಗೆ ಹೋದಳು, ಅಲ್ಲಿನ ಏಕಾಂತದಲ್ಲಿ ಅವಳ ಹಾಡು ಪ್ರತಿಧ್ವನಿಸುವುದನ್ನು ಎಂದಾದರೂ ಕೇಳಿಯೇನೆಂದು ನಿರೂಪಕ ಆಸೆಪಡುತ್ತಾನೆ, ಅಷ್ಟೆ. ಹಾಡುವುದನ್ನು ಬಿಟ್ಟಿದ್ದಾಳೆಂದು ನಾನು ನಂಬುವುದಿಲ್ಲ. ಉಂಗುರವನ್ನು ಅವಳು ಕೊಟ್ಟ ಮಾತಿನಂತೆ ಎರಿಕ್‌ನ ಹೆಣದ ಬೆರಳಿಗೆ ಹಿಂತಿರುಗಿಸಿದಳು. ಉಸಿರನ್ನು ಹಿಡಿಯುವ ಕ್ರಮವನ್ನು, ತಾರಸ್ಥಾಯಿಗೆ ಏರುವಾಗ ದವಡೆ ಸಡಿಲಿಸುವ ಅಭ್ಯಾಸವನ್ನು ಹಾಗೆ ಹಿಂತಿರುಗಿಸಲು ಬರುವುದಿಲ್ಲ, ಅವು ಸ್ನಾಯುಗಳಲ್ಲಿ ಕೂತಿರುತ್ತವೆ. ಅದಕ್ಕೇ ನನಗನ್ನಿಸುವುದು, ಹಾಡಿದಾಗಲೆಲ್ಲ ಅವಳಿಗೆ ಅವನು ನೆನಪಾಗಿರುತ್ತಾನೆ.

ಮುಸ್ಸಂಜೆ

ಮೊದಮೊದಲು ನೆನಪಾಗಿರಬಹುದು. ಆದರೆ ಶ್ರುತಿಪೆಟ್ಟಿಗೆಯವರೇ, ಸ್ನಾಯುಗಳು ಹಳೆಯದನ್ನು ಹಿಡಿದಿಟ್ಟುಕೊಳ್ಳುವಷ್ಟೇ ಸಹಜವಾಗಿ ವಯಸ್ಸಿನೊಂದಿಗೆ ಬದಲಾಗುತ್ತವೆ ಎಂದು ನಿಮ್ಮಂಥವರೇ ಹೇಳುತ್ತೀರಿ. ನಲವತ್ತರ ಕ್ರಿಸ್ತೀನಳ ಶಾರೀರ ಇಪ್ಪತ್ತರ ಶಾರೀರವಾಗಿರುವುದಿಲ್ಲ. ಅದಕ್ಕೆ ಬೇಕಾದ ಹೊಸ ಉಸಿರು, ಹೊಸ ಸ್ಥಾಯಿ, ಹೊಸ ಹಾಡುಗಳನ್ನು ಅವಳು ಎರಿಕ್ ಇಲ್ಲದೆಯೇ ಕಂಡುಕೊಳ್ಳಬೇಕಾಗುತ್ತದೆ. ಅಷ್ಟು ಕಾಲ ಹಾಡುತ್ತಲೇ ಇದ್ದಿದ್ದರೆ, ಒಂದು ಹಂತದ ನಂತರ ಅವಳು ಹಾಡುತ್ತಿದ್ದುದರಲ್ಲಿ ಅವನು ಕೇಳಿರದ ಸ್ವರಗಳೇ ಹೆಚ್ಚಾಗಿರುತ್ತಿದ್ದವು.

ಶ್ರುತಿಪೆಟ್ಟಿಗೆ

ಈ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಆದರೆ ಹಾಗಾಗಬೇಕಾದರೆ ಅವಳು ದಿನವೂ ಸಾಧನೆ ಮಾಡಬೇಕಿತ್ತು, ಮತ್ತು ಅದಕ್ಕೆ ರಾಊಲ್‌ನ ಮನೆಯಲ್ಲಿ ಎಡೆಯಿತ್ತೇ ಎಂಬ ನಿಮ್ಮದೇ ಪ್ರಶ್ನೆಯನ್ನು ನಿಮಗೇ ಮರಳಿಸುತ್ತಿದ್ದೇನೆ.